ಕೌದಿಯ ಅಂಚು, ಜಿಲ್ಲೆಯ ಗಡಿ

ನಮ್ಮ ಮನೆಯಲ್ಲಿ ಎರಡು ಕೌದಿಗಳಿವೆ. ಒಂದು ನನ್ನ ಅವ್ವ ಹೊಲಿದದ್ದು. ಹಳೆಯ ಶಹಾಪುರ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಹಿತ್ತಲ ಬಿಸಿಲಿಗೆ ಕಾಲುಚಾಚಿ ಕುಳಿತು, ಓಣಿಯ ಮದುವೆಯ ಸುದ್ದಿ, ಬಾಣಂತನದ ಸುದ್ದಿ, ಸೊಸೆಯರ ಸುದ್ದಿ ಎಲ್ಲವನ್ನೂ ದಾರದ ಜೊತೆಗೇ ಪೋಣಿಸುತ್ತ ಹೊಲಿದದ್ದು. ಇನ್ನೊಂದು ಖಾನಾಪುರ ತಾಲೂಕಿನ ಕಾಡಂಚಿನ ಊರಿನ ಸಿದ್ದಿ ಹೆಣ್ಣುಮಗಳೊಬ್ಬಳು ಹೊಲಿದುಕೊಟ್ಟದ್ದು. ಚಳಿಗಾಲದಲ್ಲಿ ಎರಡನ್ನೂ ಬಿಸಿಲಿಗೆ ಹಾಕಿದಾಗ ನೋಡಿದವರೆಲ್ಲ ಎರಡನೆಯದನ್ನೇ ಮುಟ್ಟಿ ನೋಡುತ್ತಾರೆ. ಅವ್ವನ ಕೌದಿಯಲ್ಲಿ ಅಚ್ಚುಕಟ್ಟಿದೆ. ಇದರಲ್ಲಿ ಬಣ್ಣಗಳ ಗದ್ದಲವಿದೆ. ಕೆಂಪಿನ ಪಕ್ಕ ಹಸಿರು, ಹಸಿರಿನ ಮೇಲೆ ಹಳದಿ, ನಡುವೆ ಎಲ್ಲಿಂದಲೋ ಬಂದ ಶಾಲೆಯ ಯೂನಿಫಾರ್ಮಿನ ನೀಲಿ ತುಂಡು. ನಾಲ್ಕೂ ಮೂಲೆಗಳಲ್ಲಿ ಮಡಚಿ ಹೊಲಿದ ಸಣ್ಣ ಸಣ್ಣ ತ್ರಿಕೋನಗಳು. ಅದಕ್ಕೆ ಅವರು 'ಫೂಲ' ಎನ್ನುತ್ತಾರೆ, ಎಂದರೆ ಹೂವು. ಹೂವಿಲ್ಲದ ಕೌದಿ ಬರಿಮೈಯ ಕೌದಿ ಎಂಬುದು ಅವರ ಭಾವನೆ. ಅಂಚಿನಿಂದ ಹೊಲಿಯಲು ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವುದು ಅವರ ಪದ್ಧತಿ.

ಈ ಎರಡನೆಯ ಕೌದಿಯ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ, ಮನಸ್ಸು ಹಿಂಜರಿಯುತ್ತಿತ್ತು. ಏಕೆಂದರೆ ಆ ಕತೆಯಲ್ಲಿ ನಾನು ಒಳ್ಳೆಯವಳಾಗಿ ಕಾಣುವುದಿಲ್ಲ.

ಆಗ ನಾನು ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಾಡಿನ ಕಡೆಯ ಒಂದು ಕನ್ನಡ ಶಾಲೆಗೆ ಕಲಿಸಲು ಹೋಗುತ್ತಿದ್ದೆ. 2006ರ ಮಾತು. ನನ್ನ ತರಗತಿಯಲ್ಲಿ ಒಬ್ಬ ಸಿದ್ದಿ ಹುಡುಗಿ ಇದ್ದಳು. ಅವಳ ತಾಯಿ ಕೌದಿ ಹೊಲಿಯುತ್ತಾಳೆಂದು ತಿಳಿದು ಮನೆಯ ಹಳೆಯ ಸೀರೆಗಳ ಗಂಟನ್ನು ಹೊತ್ತೊಯ್ದು ಕೊಟ್ಟೆ. ಗದ್ದೆಯ ಕೂಲಿ ಮುಗಿಸಿ ಬಂದು, ಒಲೆಯ ಕೆಲಸ ಮುಗಿಸಿ, ಚಿಮಣಿ ಬೆಳಕಿನಲ್ಲಿ ಆಕೆ ಒಂದು ತಿಂಗಳು ಹೊಲಿದಳು. ಆರುನೂರು ರೂಪಾಯಿ ಕೇಳಿದಳು. ನಾನು, "ಸೀರಿ ನಮ್ಮವ, ದಾರ ಒಂದು ನಿಂದು. ಆರುನೂರು ಭಾಳ ಆತವಾ" ಎಂದೆ. ಆಕೆ ಏನೂ ಅನ್ನಲಿಲ್ಲ. ನಕ್ಕಳು. ಮುನ್ನೂರೈವತ್ತಕ್ಕೆ ಕೊಟ್ಟಳು. ಬಸ್ಸಿನಲ್ಲಿ ಬರುವಾಗ ಚೌಕಾಶಿಯಲ್ಲಿ ಗೆದ್ದೆನೆಂಬ ಖುಷಿ ನನಗಿತ್ತು. ಖಡೇಬಜಾರಿನಲ್ಲಿ ಬಟ್ಟೆ ಅಂಗಡಿಯವನು ಹೇಳಿದ ಬೆಲೆಗೆ ತುಟಿಪಿಟಕ್ಕೆನ್ನದೆ ಸೀರೆ ತರುವ ನಾವು, ಕೌದಿಯವಳ ಹತ್ತಿರ, ಸೊಪ್ಪಿನವಳ ಹತ್ತಿರ ಎಷ್ಟು ಗಟ್ಟಿಯಾಗಿ ಮಾತಾಡುತ್ತೇವೆ!

ಆಮೇಲೆ ಕೆಲವು ವರ್ಷಗಳಿಗೆ ಪತ್ರಿಕೆಯೊಂದರಲ್ಲಿ ಓದಿದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳನ್ನು ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಅಭ್ಯಾಸ ಮಾಡಿದ್ದಾರೆ, 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆದಿದೆ ಎಂದು. ನಾನು ಹೊದೆಯುವ ಕೌದಿಯ ಅಕ್ಕತಂಗಿಯರು ನ್ಯೂಯಾರ್ಕಿನ ಗೋಡೆಯ ಮೇಲೆ! ಅಂದು ರಾತ್ರಿ ಆ ಕೌದಿ ಹೊದ್ದುಕೊಂಡು ಮಲಗಿದಾಗ ಮುನ್ನೂರೈವತ್ತು ರೂಪಾಯಿ ನೆನಪಾಗಿ ನಿದ್ದೆ ಹತ್ತಲಿಲ್ಲ.

ಸಿದ್ದಿಗಳ ಕಲೆಯನ್ನು ಮೆಚ್ಚುವುದು ನಮಗೆ ಸುಲಭ, ಅವರಿಗೆ ಸಲ್ಲಬೇಕಾದದ್ದನ್ನು ಕೊಡುವುದು ಕಷ್ಟ. ಹೀಗೇಕೆ ಎಂಬುದೇ ಈ ಬರಹದ ಪ್ರಶ್ನೆ.

ಬೆಳಗಾವಿಯ ನನ್ನ ಗೆಳತಿಯರಲ್ಲಿ ಹಲವರು ಸಿದ್ದಿಗಳನ್ನು ಸಿನಿಮಾದಲ್ಲಿ ಮಾತ್ರ ನೋಡಿದ್ದಾರೆ. ಅವರಿಗಾಗಿ ಎರಡು ಮಾತು. ಪೋರ್ಚುಗೀಜರು ಗೋವೆಯನ್ನು ಆಳುತ್ತಿದ್ದ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರನ್ನು ತರುತ್ತಿದ್ದರು. ಗಂಡಸರು ಹೊರೆ ಹೊರಲು, ಹೆಂಗಸರು ದೊಡ್ಡ ಮನೆಗಳ ಚಾಕರಿಗೆ. ಹಾಗೆ ಬಂದವರಲ್ಲಿ ಕೆಲವರು ಒಡೆಯರಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ನಮ್ಮ ಕಡೆಯ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ, ಜೋಯಿಡಾ, ಧಾರವಾಡ ಜಿಲ್ಲೆಯ ಕಲಘಟಗಿ, ನಮ್ಮ ಖಾನಾಪುರ, ಹೀಗೆ ಒಂದೇ ಕಾಡಿನ ಉದ್ದಕ್ಕೂ ಹರಡಿಕೊಂಡರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿಯ ಹತ್ತಿರದ ಮಾತು, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ.

ಆಫ್ರಿಕಾದಿಂದ ಬಂದವರೆಲ್ಲರ ಗತಿಯೂ ಒಂದೇ ಆಗಲಿಲ್ಲ. ಮಲಿಕ್ ಅಂಬರನನ್ನು ಚಿಕ್ಕಂದಿನಲ್ಲಿ ಗುಲಾಮನಾಗಿ ಮಾರಿದ್ದರು. ಅವನು ಅಹಮದ್‌ನಗರದ ರಾಜ್ಯವನ್ನೇ ನಡೆಸುವ ಮಟ್ಟಕ್ಕೆ ಏರಿ, ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿ 1626ರಲ್ಲಿ ತೀರಿಕೊಂಡ. ನಮ್ಮ ವಿಜಾಪುರದ ಆದಿಲಶಾಹಿ ದರಬಾರಿನಲ್ಲಿ ಇಖ್ಲಾಸ್ ಖಾನನೆಂಬ ಹಬಶಿ ಸರದಾರನಿದ್ದ. ಎಂದರೆ ಅಳತೆ ರಕ್ತದಲ್ಲಿಲ್ಲ. ಎಲ್ಲಿ ಬೇಕಾದ ಕೆಲಸಕ್ಕೆ ಬೇಕಾದ ಕುದುರೆ, ಕತ್ತಿ, ಜಹಗೀರು ಸಿಕ್ಕಿತೋ ಅಲ್ಲಿ ಗುಲಾಮ ಸರದಾರನಾದ. ಎಲ್ಲಿ ಕಾಡಲ್ಲದೆ ಬೇರೇನೂ ಸಿಗಲಿಲ್ಲವೋ ಅಲ್ಲಿ ಅವನ ಮಕ್ಕಳು, ಮೊಮ್ಮಕ್ಕಳು ಇನ್ನೊಬ್ಬರ ಗದ್ದೆಯಲ್ಲಿ, ಇನ್ನೊಬ್ಬರ ಅಡಿಕೆ ತೋಟದಲ್ಲಿ ಕೂಲಿಗಳಾದರು.

ನಂದಗಡಕ್ಕೆ ಹೋದಾಗಲೆಲ್ಲ ನನಗೆ ಇನ್ನೊಂದು ಮಾತು ನೆನಪಾಗುತ್ತದೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ಊರು ಅದು. ರಾಯಣ್ಣನ ಜೊತೆ ಗಜವೀರನೆಂಬ ಸಿದ್ದಿ ಬಂಟನಿದ್ದನೆಂದು ನಮ್ಮ ಕಡೆ ಜನ ಹೇಳುತ್ತಾರೆ. ಮಕ್ಕಳಿಗೆ ಆ ಕತೆ ಹೇಳುವಾಗ ನನ್ನ ದನಿ ಏರುತ್ತಿತ್ತು. ಅದೇ ತರಗತಿಯ ಕೊನೆಯ ಸಾಲಿನಲ್ಲಿ ಆ ಹುಡುಗಿ ಕುಳಿತಿರುತ್ತಿದ್ದಳು. ಅವಳನ್ನು ಒಂದು ದಿನವೂ ಮುಂದಿನ ಸಾಲಿಗೆ ಕರೆಯಲು ನನಗೆ ತೋಚಿರಲಿಲ್ಲ. ಶಾಲೆಯ ಸ್ನೇಹಸಮ್ಮೇಳನದ ನಾಟಕದಲ್ಲಿ ಅವಳಿಗೆ ಯಾವ ಪಾತ್ರ ಕೊಟ್ಟೆನೆಂದು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ರಾಕ್ಷಸಿಯ ಪಾತ್ರ. "ಬಣ್ಣಾ ಹಚ್ಚೂ ಕೆಲಸಾನ ಇಲ್ಲ ನೋಡ್ರಿ" ಎಂದು ಒಬ್ಬರು ಅಂದರು. ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಅವಳ ತಾಯಿಯ ನಗೆ, ಅವಳ ನಗೆ ಎರಡೂ ಒಂದೇ ಥರದ್ದು. ಬೇರೆ ದಾರಿಯಿಲ್ಲದವರ ನಗೆ.

ನಾವು ಸಿದ್ದಿಗಳಿಂದ ಬಯಸಿದ್ದು ಅವರ ಮೈಯನ್ನು ಮಾತ್ರ. ಬಿರುಸಾಗಿದೆ ಈ ಮಾತು, ಆದರೂ ಇತಿಹಾಸ ಹಾಗೆಯೇ ಇದೆ. ಮೊದಲು ಹೊರೆ ಹೊರುವ ಮೈ. ಆಮೇಲೆ ಓಡುವ ಮೈ. ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ಒಂದು ವಿಶೇಷ ಯೋಜನೆ ಹಾಕಿ ಸಿದ್ದಿ ಮಕ್ಕಳನ್ನು ಓಟ, ಜಿಗಿತಗಳಿಗೆ ತಯಾರು ಮಾಡಲು ಹೊರಟಿತು. ಆಫ್ರಿಕಾದ ಓಟಗಾರರು ಪದಕ ಗೆಲ್ಲುತ್ತಾರೆ, ಆದ್ದರಿಂದ ಆಫ್ರಿಕಾದ ಮೂಲದವರಾದ ಇವರೂ ಗೆದ್ದುಕೊಡಬೇಕು ಎಂಬ ಲೆಕ್ಕ. ಮಕ್ಕಳು ಓಡಿದರು, ಕೆಲವರು ಚೆನ್ನಾಗಿಯೇ ಓಡಿದರು. ಅವರಿಗೆ ಹೊಟ್ಟೆತುಂಬ ಊಟ, ಬೂಟು, ಹೊರಗಿನ ಲೋಕ ಸಿಕ್ಕಿದ್ದೂ ನಿಜ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಓಡಲು ಕಲಿತವರು ಕಾಡಿಗೆ ಮರಳಿದರು. ಆಮೇಲೆ ಕುಣಿಯುವ ಮೈ. ಉತ್ಸವಗಳ ಮೆರವಣಿಗೆಯಲ್ಲಿ ಎಲೆ ಕಟ್ಟಿಕೊಂಡು, ಮುಖಕ್ಕೆ ಬಿಳಿ ಗೆರೆ ಎಳೆದುಕೊಂಡು ಕುಣಿಯುವ ಸಿದ್ದಿ ಗಂಡಸರನ್ನು ನಾವು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದ್ದೇವೆ. ಮನೆಯಲ್ಲಿ ಅವರು ಪ್ಯಾಂಟು, ಅಂಗಿ ಹಾಕುತ್ತಾರೆ. ಎಲೆ ಬೇಕಾಗಿರುವುದು ನಮಗೆ.

ಇದಕ್ಕೆ ವ್ಯತಿರಿಕ್ತವಾದ ಪ್ರಯತ್ನಗಳೂ ನಡೆದಿವೆ, ಅದನ್ನು ಮರೆಯಬಾರದು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂನವರು ಮಂಚಿಕೇರಿಯ ಸಿದ್ದಿಗಳನ್ನು ಕೂಡಿಸಿಕೊಂಡು, ನೈಜೀರಿಯಾದ ಚಿನುವಾ ಅಚಿಬೆಯವರ ಕಾದಂಬರಿಯನ್ನು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ನಾಟಕವಾಗಿ ಆಡಿಸಿದರು. ಅಲ್ಲಿ ಸಿದ್ದಿ ಎಂದರೆ ಬರಿಯ ಮೈಯಲ್ಲ, ಮಾತು. ಮುಂದೆ ಸಿದ್ದಿ ಹುಡುಗ ಹುಡುಗಿಯರು ರಂಗಭೂಮಿಗೆ, ಚಿತ್ರರಂಗಕ್ಕೆ ಬಂದದ್ದರ ಹಿಂದೆ ಇಂಥ ರಂಗದ ಕೆಲಸವಿದೆ. 2021ರಲ್ಲಿ ಬಂದ 'ಸಲಗ' ಚಿತ್ರದಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮೊದಲಾದವರು ಹಾಡಿದ ಹಾಡು ಎಷ್ಟು ಜನಪ್ರಿಯವಾಯಿತೆಂದರೆ, ನನ್ನ ಈಗಿನ ಬೆಳಗಾವಿಯ ಶಾಲೆಯ ಗ್ಯಾದರಿಂಗಿನಲ್ಲಿ ಮೂರು ತರಗತಿಯವರು ಅದೇ ಹಾಡಿಗೆ ಹೆಸರು ಕೊಟ್ಟರು. ಹಾಡು ನನಗೂ ಇಷ್ಟವೇ. ಆದರೆ ಕುಣಿಯುವ ಹುಡುಗಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಬಂದರು. ತಾಯಂದಿರೇ ಬಳಿದು ಕಳಿಸಿದ್ದರು. ಅದೇ ತಾಯಂದಿರು ಮಗಳು ಬಿಸಿಲಿಗೆ ಹೋದರೆ "ಕಪ್ಪಾಗ್ತಿ ಒಳಗ ಬಾರ" ಎಂದು ಕೂಗುವವರು. ಕಪ್ಪು ಬಣ್ಣ ಐದು ನಿಮಿಷಕ್ಕೆ ವೇಷವಾಗಿ ಚಂದ, ತೊಳೆದರೆ ಹೋಗಬೇಕು! ನಾನು ಮುಖ ತೊಳೆದು ಬರಲು ಹೇಳಿದೆ. ಕೆಲವರಿಗೆ ಬೇಜಾರಾಯಿತು. ಹಳೆಯ ರಾಕ್ಷಸಿಯ ಪಾತ್ರದ ಕತೆ ಅವರಿಗೆ ಗೊತ್ತಿರಲಿಲ್ಲವಲ್ಲ.

ಈಗ ಕಾಗದದ ಮಾತಿಗೆ ಬರುತ್ತೇನೆ. ಬಡತನ ಎಂದರೆ ದುಡ್ಡಿಲ್ಲದಿರುವುದು ಎಂದು ನಾನೂ ತಿಳಿದಿದ್ದೆ. ದುಡ್ಡಿಗಿಂತ ಮೊದಲು ಕಾಗದ ಇಲ್ಲದಿರುವುದು ಬಡತನ ಎಂದು ನನಗೆ ಕಲಿಸಿದ್ದು ಆ ಹುಡುಗಿ.

ಅವಳು ಏಳನೆಯ ತರಗತಿಗೆ ಬಂದ ವರ್ಷ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುತ್ತಿದ್ದೆ. "ಬಾಯಾರ, ನಮ್ಮ ಮಾವಶಿ ಮಗಳು ಎಸ್‌ಟಿ ಬರದಾಳ್ರೀ. ನಾನೂ ಅದ ಬರೀಲ್ಯಾ?" ಎಂದು ಕೇಳಿದಳು. ಅವಳ ಮಾವಶಿಯ ಮನೆ ಹಳಿಯಾಳ ತಾಲೂಕಿನಲ್ಲಿ. ಒಂದೇ ಅಜ್ಜಿಯ ಮೊಮ್ಮಕ್ಕಳು. ಒಂದೇ ಕೂದಲು, ಒಂದೇ ಮೈಬಣ್ಣ, ಒಂದೇ ಮನೆಮಾತು. ಆದರೆ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ, ಅದೂ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾತ್ರ. ಹಳಿಯಾಳ ಉತ್ತರ ಕನ್ನಡದಲ್ಲಿದೆ. ಅದಕ್ಕೆ ಹೊಂದಿಕೊಂಡ ಖಾನಾಪುರ ಬೆಳಗಾವಿ ಜಿಲ್ಲೆಯಲ್ಲಿದೆ. ನಡುವೆ ಇರುವುದು ಅದೇ ಕಾಡು, ಅದೇ ಮಳೆ. ಕಾಡಿನ ನಡುವೆ ಎಲ್ಲೋ ಒಂದು ಗೆರೆ. ಗೆರೆಯ ಆ ಕಡೆ ಹುಟ್ಟಿದ ಅಕ್ಕ ಬುಡಕಟ್ಟಿನವಳು, ಈ ಕಡೆ ಹುಟ್ಟಿದ ತಂಗಿ ಅಲ್ಲ.

ನಾನು ಕಚೇರಿಯಲ್ಲಿ ವಿಚಾರಿಸಿದೆ. "ನಮ್ಮ ಜಿಲ್ಲಾದಾಗ ಬರೂದಿಲ್ರೀ ಬಾಯಾರ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅವರ ತಪ್ಪೇನೂ ಅಲ್ಲ, ಪಟ್ಟಿಯಲ್ಲಿ ಬರೆದದ್ದೇ ಹಾಗೆ. ವಿಚಿತ್ರವೆಂದರೆ, ಒಂದು ರಾಜ್ಯದೊಳಗೇ ಒಂದು ಜಿಲ್ಲೆಯಲ್ಲಿ ಪಂಗಡ, ಇನ್ನೊಂದರಲ್ಲಿ ಅಲ್ಲ ಎನ್ನುವ ಇಂಥ ಕಟ್ಟುಗಳನ್ನು ಅನೇಕ ಜಾತಿ, ಪಂಗಡಗಳ ಮಟ್ಟಿಗೆ ಸಂಸತ್ತು 1976ರಲ್ಲೇ ತೆಗೆದುಹಾಕಿತ್ತು. ಆದರೂ 2003ರಲ್ಲಿ ಸಿದ್ದಿಗಳ ಹೆಸರಿನ ಪಕ್ಕ ಜಿಲ್ಲೆಯ ಹೆಸರು ಮತ್ತೆ ಬಂದು ಕುಳಿತಿತು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಪಟ್ಟಿಗೆ ಸೇರಿಸುವ ಕಾಯಿದೆ ಬಂದದ್ದು 2020ರಲ್ಲಿ. ಹದಿನೇಳು ವರ್ಷ. ಒಂದು ಮಗು ಹುಟ್ಟಿ, ಶಾಲೆಗೆ ಹೋಗಿ, ಕಾಲೇಜಿನ ಬಾಗಿಲಿಗೆ ಬಂದು ನಿಲ್ಲುವಷ್ಟು ಕಾಲ.

ಬರಿಯ ವಿದ್ಯಾರ್ಥಿವೇತನದ ಮಾತಾಗಿದ್ದರೆ ಹೇಗೋ ಸಹಿಸಬಹುದಿತ್ತು. ನೆಲದ ಮಾತು ಕೇಳಿ. 2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಬಂತು. ಕಾಡಿನಲ್ಲಿ ಬಾಳಿಬಂದವರಿಗೆ ಅವರು ಉಳುತ್ತಿರುವ ತುಂಡು ನೆಲದ ಹಕ್ಕು ಕೊಡುವ ಕಾಯಿದೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ನೆಲದಲ್ಲಿದ್ದೇವೆಂದು ತೋರಿಸಬೇಕು. ಪರಿಶಿಷ್ಟ ಪಂಗಡದವರಲ್ಲದಿದ್ದರೆ ಅದಕ್ಕೂ ಹಿಂದೆ ಮೂರು ತಲೆಮಾರಿನಿಂದ, ತಲೆಮಾರಿಗೆ ಇಪ್ಪತ್ತೈದು ವರ್ಷದಂತೆ ಎಪ್ಪತ್ತೈದು ವರ್ಷದಿಂದ ಕಾಡನ್ನೇ ನೆಚ್ಚಿ ಅಲ್ಲಿ ಬಾಳಿದ್ದೇವೆಂದು ತೋರಿಸಬೇಕು. ಎಂದರೆ 1930ರಿಂದ. ಆಗ ಖಾನಾಪುರ ಮುಂಬಯಿ ಪ್ರಾಂತದಲ್ಲಿ, ಬ್ರಿಟಿಷರ ಕೈಯಲ್ಲಿತ್ತು. ಒಡೆಯನಿಂದ ತಪ್ಪಿಸಿಕೊಂಡು ಕಾಡಿಗೆ ಬಂದವನ ಮೊಮ್ಮಗ ಯಾವ ಸರಕಾರದ ಮುಂದೆ ಹೋಗಿ ಹೆಸರು ಬರೆಸುತ್ತಾನೆ? ಕಾಣದಂತೆ ಇರುವುದರಿಂದಲೇ ಬದುಕಿಕೊಂಡವರಿಗೆ, ನೀವು ಎಲ್ಲರಿಗೂ ಕಾಣುವಂತೆ ಇದ್ದಿರೆಂದು ಸಾಬೀತು ಮಾಡಿ ಎಂದರೆ ಹೇಗೆ? ಊರ ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ಒಪ್ಪಬಹುದೆಂದು ನಿಯಮದಲ್ಲಿದೆ. ಆದರೆ ಮೇಜಿನ ಈ ಕಡೆ ನಿಂತ ಬಡವಳಿಗೆ ಆ ನಿಯಮ ಹೇಳಿಕೊಡುವವರು ಯಾರು? ಗೆರೆಯ ಆ ಕಡೆಯ ಅಕ್ಕ 2005ರ ಮಾತು ಹೇಳಿದರೆ ಸಾಕು, ಈ ಕಡೆಯ ತಂಗಿ 1930ರ ಮಾತು ಹೇಳಬೇಕು. ಜಾತಿಯ ಕಾಗದ ಇಲ್ಲಿ ಜಮೀನಿನ ಕಾಗದವೂ ಆಗುತ್ತದೆ.

ನಾವು ಬೆಳಗಾವಿಯವರು. ಗಡಿ ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಿಂದ, 1967ರ ಮಹಾಜನ ವರದಿಯಿಂದ ಇಂದಿನವರೆಗೆ ಗಡಿಯ ಮಾತಿನಲ್ಲೇ ಬೆಳೆದವರು, ಬಂದ್ ಆದ ದಿನಗಳಲ್ಲಿ ಶಾಲೆಯ ಗೇಟಿನಿಂದ ಮರಳಿ ಬಂದವರು. ಯಾವ ಊರು ಯಾವ ರಾಜ್ಯಕ್ಕೆ ಎಂದು ಇಷ್ಟು ದಶಕ ವಾದಿಸಿದ ನಮಗೆ, ಎರಡು ಜಿಲ್ಲೆಗಳ ನಡುವಿನ ಗೆರೆ ಒಂದು ಅಜ್ಜಿಯ ಮೊಮ್ಮಕ್ಕಳನ್ನು ಬೇರೆ ಮಾಡಿದ್ದು ಕಾಣಲಿಲ್ಲ. ಅವರ ಪರವಾಗಿ ಈ ಊರಿನಲ್ಲಿ ಬಂದ್ ಆದದ್ದು ನನಗೆ ನೆನಪಿಲ್ಲ.

ಇಂಥ ಗೆರೆ ನಮ್ಮಲ್ಲಿ ಮಾತ್ರ ಇದೆಯೇ ಎಂದರೆ ಇಲ್ಲ. ನನ್ನ ಅಕ್ಕನ ಮಗ ಡಾಕ್ಟರಿಕೆ ಓದಲು ಚೀನಾದ ಯುನ್ನಾನ್ ಪ್ರಾಂತದ ಕುನ್ಮಿಂಗ್ ನಗರಕ್ಕೆ ಹೋಗಿದ್ದ. ಅಲ್ಲಿಂದ ಫೋಟೋಗಳನ್ನು ಕಳಿಸುತ್ತಿದ್ದ. ಒಂದರಲ್ಲಿ ಕಸೂತಿಯ ಲಂಗ, ಬೆಳ್ಳಿಯ ಕಿರೀಟದಂಥ ಆಭರಣ ತೊಟ್ಟ ಹುಡುಗಿಯರು ಸಾಲಾಗಿ ನಿಂತು ಕುಣಿಯುತ್ತಿದ್ದರು. ಪ್ರವಾಸಿಗಳಿಗಾಗಿ ಅಲ್ಪಸಂಖ್ಯಾತ ಜನಾಂಗಗಳ ಮಾದರಿ ಹಳ್ಳಿಯನ್ನೇ ಕಟ್ಟಿದ್ದಾರಂತೆ, ಟಿಕೆಟು ತೆಗೆದು ನೋಡಬೇಕಂತೆ. ನನಗೆ ಕೂಡಲೇ ನಮ್ಮ ಉತ್ಸವದ ಮೆರವಣಿಗೆಯೇ ಕಣ್ಣಮುಂದೆ ಬಂತು.

ಆಮೇಲೆ ಕುತೂಹಲದಿಂದ ಓದಿಕೊಂಡೆ. ಚೀನಾದಲ್ಲಿ ಹಾನ್ ಜನ ನೂರಕ್ಕೆ ತೊಂಬತ್ತೊಂದರಷ್ಟು. ಉಳಿದವರು 55 ಅಲ್ಪಸಂಖ್ಯಾತ ಜನಾಂಗಗಳೆಂದು ಸರಕಾರ ಪಟ್ಟಿ ಮಾಡಿದೆ. 1950ರ ದಶಕದ ಮೊದಲ ಜನಗಣತಿಯಲ್ಲಿ ನಾವು ಇಂಥವರು ಎಂದು ಜನ ಬರೆಸಿದ ಹೆಸರುಗಳು ನಾನೂರಕ್ಕೂ ಹೆಚ್ಚು. ಪಂಡಿತರು, ಅಧಿಕಾರಿಗಳು ಕೂತು ಅವನ್ನು ಸೇರಿಸಿ, ಕೂಡಿಸಿ ಇಷ್ಟಕ್ಕೆ ಇಳಿಸಿದರು. ಯುನ್ನಾನ್‌ನ ಜಿನೋ ಎಂಬವರಿಗೆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 1979ರಲ್ಲಿ, ಅವರೇ ಕೊನೆಯವರು. ಪಟ್ಟಿಯಲ್ಲಿದ್ದವರ ಮಕ್ಕಳಿಗೆ ಕಾಲೇಜಿನ ಪರೀಕ್ಷೆಯಲ್ಲಿ ಬಹುಕಾಲ ಹೆಚ್ಚುವರಿ ಅಂಕ ಕೊಡುತ್ತಿದ್ದರು, ಈಚೆಗೆ ಅನೇಕ ಕಡೆ ಕಡಿಮೆ ಮಾಡುತ್ತಿದ್ದಾರೆ. ಇಷ್ಟಿದ್ದರೂ ಸಂಪತ್ತು ಬೆಳೆದದ್ದು ಪೂರ್ವದ ಸಮುದ್ರ ತೀರದ ನಗರಗಳಲ್ಲಿ. ಅಲ್ಪಸಂಖ್ಯಾತರು ಹೆಚ್ಚಾಗಿ ಇರುವುದು ಪಶ್ಚಿಮದ, ನೈಋತ್ಯದ ಬೆಟ್ಟ, ಬಯಲುಗಳಲ್ಲಿ. ಬೆಟ್ಟದಿಂದ ನಗರಕ್ಕೆ ದುಡಿಯಲು ಇಳಿದುಹೋಗೋಣವೆಂದರೆ ಇನ್ನೊಂದು ಕಾಗದ ಅಡ್ಡ ಬರುತ್ತದೆ. 1958ರಿಂದ ಅಲ್ಲಿ ಪ್ರತಿ ಮನೆತನವನ್ನೂ ಅದರ ಊರಿಗೆ ನೋಂದಾಯಿಸುವ ಪದ್ಧತಿಯಿದೆ, ಅದನ್ನು 'ಹುಕೋ' ಎನ್ನುತ್ತಾರೆ. ಹಳ್ಳಿಯ ನೋಂದಣಿಯವರು ನಗರದಲ್ಲಿ ಕಟ್ಟಡ ಕಟ್ಟಬಹುದು, ಪಾತ್ರೆ ತೊಳೆಯಬಹುದು. ಆದರೆ ಮಕ್ಕಳ ಶಾಲೆ, ಆಸ್ಪತ್ರೆಯ ಸವಲತ್ತು ಹುಟ್ಟಿದೂರಿನಲ್ಲೇ. ಈಗ ಸ್ವಲ್ಪ ಸಡಿಲಾಗಿದೆ, ಆದರೂ ದೊಡ್ಡ ನಗರಗಳಲ್ಲಿ ಗಟ್ಟಿಯಾಗಿಯೇ ಇದೆ. ಕಡುಬಡತನವನ್ನು ಪೂರ್ತಿ ತೊಲಗಿಸಿದೆವೆಂದು ಆ ಸರಕಾರ 2021ರಲ್ಲಿ ಸಾರಿತು. ರಸ್ತೆ, ಮನೆ, ಕರೆಂಟು ಬೆಟ್ಟಗಳನ್ನೂ ಮುಟ್ಟಿವೆ, ಅದು ಸಣ್ಣ ಮಾತಲ್ಲ. ಭಾಷೆ, ಧರ್ಮಗಳ ಮೇಲಿನ ಅಲ್ಲಿನ ಬಿಗಿಯ ಮಾತು ಬೇರೆ. ಅದರ ಕತೆಯನ್ನು 1966ರಿಂದ ಮುಂಡಗೋಡದಲ್ಲಿ ನೆಲೆನಿಂತ ಟಿಬೆಟ್ಟಿನವರನ್ನೇ ಕೇಳಬೇಕು.

ಚೀನಾದ ಆಡಳಿತ ನಮ್ಮಂಥದಲ್ಲ. ಅಲ್ಲಿ ಮತಪೆಟ್ಟಿಗೆಯಿಲ್ಲ, ನಮ್ಮಲ್ಲಿದೆ. ಆದರೂ ಎರಡು ಕಡೆಯೂ ಒಂದು ಅಭ್ಯಾಸ ಸಮಾನವಾಗಿ ಕಾಣುತ್ತದೆ. ಸಣ್ಣ ಜನಾಂಗದವರ ಕುಣಿತ, ಉಡುಗೆ, ಕಸೂತಿಗೆ ವೇದಿಕೆ ಬೇಗ ಸಿಗುತ್ತದೆ. ನೀನು ಯಾರು, ಎಲ್ಲಿಯವಳು ಎಂದು ತೀರ್ಮಾನಿಸುವ ಲೇಖಣಿ ಮಾತ್ರ ದೂರದ ಊರಿನ ಮೇಜಿನ ಮೇಲೆ ಇರುತ್ತದೆ. ಹುಟ್ಟಿದ ಜಾಗವೇ ಹಣೆಬರಹವಾಗುತ್ತದೆ. ಹಣೆಬರಹ ಎಂದರೆ ದೇವರು ಬರೆದದ್ದು ಎನ್ನುತ್ತೇವೆ. ಇದನ್ನು ಬರೆದವರು ನಮ್ಮ ನಿಮ್ಮಂಥ ಮನುಷ್ಯರು. ಆದ್ದರಿಂದಲೇ ಇದನ್ನು ತಿದ್ದಬಹುದು, 2020ರಲ್ಲಿ ತಿದ್ದಿದರು ಕೂಡ. ತಿದ್ದಲು ಹಿಡಿದ ಕಾಲವೇ ನನ್ನ ತಕರಾರು.

ನಮ್ಮ ಸ್ಟಾಫ್ ರೂಮಿನಲ್ಲಿ ಈ ಮಾತು ಎತ್ತಿದಾಗ ಒಬ್ಬರು, "ಎಷ್ಟಂತ ಕೊಡೂದ್ರಿ ಇವರಿಗೆ? ಅಕ್ಕಿ ಪುಕ್ಕಟೆ, ಪುಸ್ತಕ ಪುಕ್ಕಟೆ, ನೌಕರಿನೂ ಅವರಿಗೇ" ಎಂದರು. ಈ ಮಾತನ್ನು ತಳ್ಳಿಹಾಕದೆ ಯೋಚಿಸೋಣ. ನನ್ನ ಅಪ್ಪ ಸಣ್ಣ ಗುಮಾಸ್ತ. ಸಾಲ ಮಾಡಿ ನನ್ನನ್ನು ಬಿ.ಎ., ಬಿ.ಎಡ್. ಓದಿಸಿದ. ನಮಗೆ ಯಾರೂ ಏನೂ ಕೊಡಲಿಲ್ಲ ಎಂದೇ ನಾನೂ ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಆದರೆ ಅಪ್ಪನಿಗೆ ಸಾಲ ಸಿಕ್ಕಿದ್ದು ಮನೆಯ ಕಾಗದ ಇದ್ದದ್ದರಿಂದ. ಮನೆಯ ಕಾಗದ ಇದ್ದದ್ದು ಅಜ್ಜನ ಹೆಸರು ದಫ್ತರದಲ್ಲಿ ಇದ್ದದ್ದರಿಂದ. ಅಜ್ಜನ ಹೆಸರು ಇದ್ದದ್ದು ಅವನನ್ನು ಯಾರೂ ಹಡಗಿನಲ್ಲಿ ತುಂಬಿ ತಂದು ಮಾರದೆ ಇದ್ದದ್ದರಿಂದ. ನಮಗೆ ಏನೂ ಸಿಗಲಿಲ್ಲವೇ? ಸಿಕ್ಕಿತ್ತು. ಪುಕ್ಕಟೆಯಾಗಿಯೇ ಸಿಕ್ಕಿತ್ತು. ನಮಗೆ ಗೊತ್ತಾಗಲಿಲ್ಲ, ಅಷ್ಟೇ.

ಕಾಗದ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳುವುದಿಲ್ಲ. 2003ರಲ್ಲೇ ಪಟ್ಟಿಗೆ ಸೇರಿದ ಉತ್ತರ ಕನ್ನಡದ ಸಿದ್ದಿಗಳಲ್ಲಿ ಬಹಳ ಜನ ಇನ್ನೂ ಕೂಲಿಯಲ್ಲೇ ಇದ್ದಾರೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು, ಸಿದ್ದಿಗಳಲ್ಲಿ ಶಾಸನ ಸಭೆ ಪ್ರವೇಶಿಸಿದವರಲ್ಲಿ ಅವರೇ ಮೊದಲಿಗರು. ಸಂತೋಷದ ಸುದ್ದಿಯೇ. ಆದರೆ ಅದು ನಾಮಕರಣದಿಂದ ಬಂದ ಸ್ಥಾನ. ಸಂಖ್ಯೆಯಿಲ್ಲದ ಜನಕ್ಕೆ ಚುನಾವಣೆಯ ದಾರಿ ಎಷ್ಟು ಉದ್ದ ಎಂಬುದನ್ನೂ ಅದು ಹೇಳುತ್ತದೆ. ನಮ್ಮ ಖಾನಾಪುರದ ಕಾಡಿನಲ್ಲಿ ಎಮ್ಮೆ ಸಾಕಿಕೊಂಡು ಬಾಳುವ ಗೌಳಿಗಳೂ ಪಂಗಡದ ಪಟ್ಟಿಗಾಗಿ ಕೇಳುತ್ತಲೇ ಬಂದಿದ್ದಾರೆ. 2011ರಲ್ಲಿ ಭೀಮಗಡ ಅಭಯಾರಣ್ಯವಾದ ಮೇಲೆ ಕಾಡಿನೊಳಗಿನ ಊರುಗಳವರ ಮುಂದೆ ಹೊರಗೆ ಬನ್ನಿ ಎಂಬ ಮಾತೂ ಬಂದಿದೆ. ಹೊರಗೆ ಬಂದವರು ಎಲ್ಲಿಗೆ ಬರುತ್ತಾರೆ? ನಮ್ಮ ಊರಿಗೆ. ನಮ್ಮ ಮನೆಯ ಪಾತ್ರೆಗೆ, ನಮ್ಮ ಕಟ್ಟಡದ ಇಟ್ಟಿಗೆಗೆ. ಆಗ ಅವರಿಗೆ ನಾವು ಎಷ್ಟು ಕೂಲಿ ಹೇಳುತ್ತೇವೆ, ಹೇಗೆ ಚೌಕಾಶಿ ಮಾಡುತ್ತೇವೆ ಎಂಬುದರಲ್ಲೂ ಸಮಾನತೆಯ ಪರೀಕ್ಷೆ ಇದೆ. ದಿಲ್ಲಿಯ ಕಾಯಿದೆ ಅಡುಗೆಮನೆಯ ಹಿಂಬಾಗಿಲಿಗೆ ಬಂದು ನಿಲ್ಲುವುದಿಲ್ಲ. ಅಲ್ಲಿ ಕಾಯಿದೆ ಮಾಡುವವರು ನಾವೇ.

ಆ ಹುಡುಗಿ ಎಂಟನೆಯ ತರಗತಿಗೆ ಬರಲಿಲ್ಲ. ಹೈಸ್ಕೂಲು ದೂರ, ಹಾಸ್ಟೆಲಿಗೆ ಆ ಕಾಗದ ಬೇಕು, ಅದಿಲ್ಲದೆ ಇರಲು ದುಡ್ಡು ಬೇಕು. ಹಳಿಯಾಳದ ಮಾವಶಿಯ ಮಗಳು ಹಾಸ್ಟೆಲಿನಲ್ಲಿ ಉಳಿದು ಎಸ್ಸೆಸ್ಸೆಲ್ಸಿ ಮುಗಿಸಿದಳೆಂದು ಆಮೇಲೆ ಕೇಳಿದೆ. ಇವಳು ಗೋವೆಯಲ್ಲಿ ಯಾರದೋ ಮನೆಗೆಲಸಕ್ಕೆ ಹೋದಳು. ಅವಳ ಹಿರಿಯರು ತಪ್ಪಿಸಿಕೊಂಡು ಬಂದ ಗೋವೆಗೇ, ಅದೇ ಮನೆಯ ಚಾಕರಿಗೇ. ನೂರಿನ್ನೂರು ವರ್ಷ ಸುತ್ತಿ ಅದೇ ಜಾಗ. ಅಂದು ನಾನು ಇನ್ನೊಂದು ಕಚೇರಿಗೆ ಹೋಗಿ, ಇನ್ನೊಂದು ಅರ್ಜಿ ಬರೆದು ನೋಡಬಹುದಿತ್ತೇ? ಬೆಳಗಾವಿಯ ನಾಲ್ಕು ಗೆಳತಿಯರನ್ನು ಕೂಡಿಸಿ ಹಾಸ್ಟೆಲಿನ ದುಡ್ಡು ಹೊಂದಿಸಬಹುದಿತ್ತೇ? ಹೊಂದಿಸಬಹುದಿತ್ತು. ನಾನು ಐದೂವರೆಯ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿದ್ದೆ.

ಕಳೆದ ವರ್ಷ ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಆ ತಾಯಿ ಸಿಕ್ಕಳು. ತಲೆ ನರೆತಿದೆ, ಗುರುತು ಅವಳೇ ಹಿಡಿದಳು. ಮಗಳಿಗೆ ಮದುವೆಯಾಗಿದೆ, ಮೊಮ್ಮಗಳು ಒಂದನೆಯ ತರಗತಿ. ಪ್ಲಾಸ್ಟಿಕ್ ಚೀಲದಿಂದ ಮಡಚಿದ ಕಾಗದ ತೆಗೆದು ತೋರಿಸಿದಳು. ಮೊಮ್ಮಗಳ ಜಾತಿ ಪ್ರಮಾಣಪತ್ರ. ಪರಿಶಿಷ್ಟ ಪಂಗಡ ಎಂದು ಬರೆದಿತ್ತು. ಲ್ಯಾಮಿನೇಷನ್ ಮಾಡಿಸಲು ಬಂದಿದ್ದಳಂತೆ. "ಮಗಳಿಗಿ ಆಗಲಿಲ್ರಿ, ಮೊಮ್ಮಗಳಿಗಾರ ಆತಲ್ಲ" ಎಂದಳು.

"ಇನ್ನೂ ಕೌದಿ ಹೊಲೀತಿಯೇನವಾ?" ಎಂದು ಕೇಳಿದೆ. ಚೀಲದ ತಳದಿಂದ ಅರ್ಧ ಹೊಲಿದ ಒಂದನ್ನು ಎತ್ತಿ ತೋರಿಸಿದಳು. ಮೂಲೆಯ ಹೂವುಗಳು ಆಗಲೇ ಬಿದ್ದಿದ್ದವು, ನಡುವಿನ ಹೊಲಿಗೆ ಬಾಕಿ ಇತ್ತು. ನಾನು ಅವಸರದಿಂದ, "ಎಷ್ಟಾದರೂ ಹೇಳು, ನಾ ತಗೋತೀನಿ" ಎಂದೆ. ಹಳೆಯ ಸಾಲ ತೀರಿಸಿ ಹಗುರಾಗುವ ಆಸೆ ನನ್ನದು. ಆಕೆ ತಲೆಯಲ್ಲಾಡಿಸಿದಳು. "ಇದು ಮಾರಾಕಲ್ರಿ, ಮೊಮ್ಮಗಳಿಗಿ" ಎಂದು ಮಡಚಿಟ್ಟಳು. ಆಮೇಲೆ ನನ್ನ ಮುಖ ನೋಡಿ ನಕ್ಕಳು. ಈ ಸಲದ ನಗೆ ಬೇರೆ ಇತ್ತು.

"ಏನ್ರೀ ಬಾಯಾರ, ಆಗಿನ ಬಾಕಿ ಈಗ ಕೊಡಾವ್ರೇನು?"

ಇನ್ನೂರೈವತ್ತು ರೂಪಾಯಿ ಅವಳಿಗೆ ನೆನಪಿತ್ತು. ನಾನೂ ನಕ್ಕೆ. ಬೆಳಗಾವಿಯ ಬಸ್ಸು ಬಂತು, ಹತ್ತಿದೆ. ಕಿಟಕಿಯ ಪಕ್ಕ ಕುಳಿತು ಲೆಕ್ಕ ಹಾಕುತ್ತ ಹೋದೆ. ಕೌದಿಯ ಬಾಕಿಯನ್ನಾದರೂ ಹೇಗೋ ಕೊಟ್ಟೇನು. ಎಂಟನೆಯ ತರಗತಿಯ ಬಾಕಿಯನ್ನು ಯಾವ ಲೆಕ್ಕದಲ್ಲಿ ಕೊಡಲಿ?